ಮಿತವ್ಯಯಕ್ಕೂ ಬಂಡವಾಳ ಬೇಕು

ಅಲ್ಪಾದಾಯದ ಸಂಸಾರಗಳಿಗೆ ಮಿತವ್ಯಯವನ್ನು ಬೋಧಿಸುವುದು ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು; ಅದನ್ನೇ ಇಂದು ಪತ್ರಿಕೆಗಳ ಹಣಕಾಸಿನ ಅಂಕಣಕಾರರೂ, ಬ್ಯಾಂಕಿನ ಅಧಿಕಾರಿಗಳೂ, ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಬಂಧುಗಳೂ ತಮ್ಮ ತಮ್ಮ ಮಾತುಗಳಲ್ಲಿ ಹೇಳುತ್ತಿರುವರು. ಉಪದೇಶದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಉಪದೇಶವು ಯಾರನ್ನು ಕುರಿತದ್ದೋ ಅವರ ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ, ತಿಂಗಳಿಗೆ ಹದಿನೈದು ಸಾವಿರ ರೂಪಾಯಿಗಳಲ್ಲಿ ಬಾಡಿಗೆ, ಮಕ್ಕಳ ಶುಲ್ಕ, ಬಸ್ಸಿನ ಖರ್ಚು, ಅತ್ತೆಯ ಔಷಧ, ಬೇಳೆ, ಎಣ್ಣೆ, ಹಾಲು ಇಷ್ಟನ್ನೂ ತೂಗಿಸಿಕೊಂಡು ಹೋಗುವ ಗೃಹಿಣಿಗೆ ಆಯವ್ಯಯದ ಪಾಠ ಹೇಳಬಲ್ಲ ಪಂಡಿತರು ನಮ್ಮಲ್ಲಿ ಯಾರೂ ಇಲ್ಲವೆಂಬುದು ತಾನಾಗಿ ಮನವರಿಕೆಯಾಗುವುದು. ವಿವೇಕದ ಕೊರತೆ ಅವಳಿಗಿಲ್ಲ. ಆ ವಿವೇಕವನ್ನು ಕಾರ್ಯಗತಗೊಳಿಸುವುದಕ್ಕೆ ಬೇಕಾದ ಒಂದಿಷ್ಟು ಕೈಗಂಟು, ಒಂದಿಷ್ಟು ಹೊತ್ತು, ಒಂದಿಷ್ಟು ಜಾಗ, ಇವು ಅವಳಿಗೆ ಒದಗಿಲ್ಲ. ನನ್ನ ಇಂದಿನ ಮಾತೆಲ್ಲವೂ ಈ ಒಂದು ಸಂಗತಿಯನ್ನು ಕುರಿತದ್ದು.

ಮೊದಲು ಆ ವಿವೇಕ ಎಂಥದೆಂಬುದನ್ನು ನೋಡೋಣ. ಹಳೆಯ ಮೈಸೂರು ಸೀಮೆಯ ಬಸ್ಸಾರನ್ನೇ ತೆಗೆದುಕೊಳ್ಳಿರಿ. ಎರಡು ಹಿಡಿ ಹೆಸರುಕಾಳನ್ನೋ ಹುರುಳಿಯನ್ನೋ ಸೊಪ್ಪಿನೊಡನೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದು, ಬೆಂದ ಕಾಳಿನದೇ ಸ್ವಲ್ಪ ಭಾಗವನ್ನು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ತುಸು ಕಾಯಿತುರಿಗಳೊಡನೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಗುವುದು. ಪಾತ್ರೆಯಲ್ಲಿ ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಗುವುದು. ಒಂದು ಬೇಯುವಿಕೆಯ ಉರುವಲಿನಲ್ಲಿ ಎರಡು ವ್ಯಂಜನಗಳು ಸಿದ್ಧವಾಗುವುದಲ್ಲದೆ, ನೀರಿಗಿಳಿದ ಸತ್ತ್ವವು ಚರಂಡಿಯ ಪಾಲಾಗದೆ ಮುದ್ದೆಯ ಜೊತೆಯಲ್ಲಿ ಹೊಟ್ಟೆಗೆ ಸೇರುವುದು. ವಿಜಯಪುರ, ಬಾಗಲಕೋಟೆಗಳ ಕಡೆ ಒಮ್ಮೆಗೇ ಬಡಿದು ಒಣಗಿಸಿಟ್ಟ ಖಡಕ್ ರೊಟ್ಟಿಯು ವಾರಗಟ್ಟಲೆ ಕೆಡದೆ, ಶೇಂಗಾ ಚಟ್ನಿಯೊಡನೆ, ಒಲೆ ಹಚ್ಚದ ದಿನವೂ ಊಟವಾಗಿ ಒದಗುವುದು. ಕರಾವಳಿಯಲ್ಲಿ ಹಲಸಿನ ಹಣ್ಣನ್ನು ತಿಂದು ಬೀಜವನ್ನು ಎಸೆಯದೆ, ಕೆಮ್ಮಣ್ಣು ಮೆತ್ತಿ ಇರಿಸಿ, ತರಕಾರಿ ದುರ್ಲಭವಾದ ಮಳೆಗಾಲದಲ್ಲಿ ಅದನ್ನೇ ಸಾರಿಗೆ ಹಾಕುವರು. ಯಾವ ವಿದ್ಯಾಲಯವೂ ಈ ಪಾಠಗಳನ್ನು ಕಲಿಸಲಿಲ್ಲ. ಕೊರತೆಯೊಡನೆ ತಲೆಮಾರುಗಟ್ಟಲೆ ಸೆಣಸಿದ ಹೆಂಗಸರೇ ಇವನ್ನು ಕಂಡುಕೊಂಡರು.

ಈ ವಿದ್ಯೆಯ ಪರಾಕಾಷ್ಠೆಯೆಂದರೆ ವರ್ಷದ ದಾಸ್ತಾನು. ಕಲಬುರಗಿಯ ತೊಗರಿ ಡಿಸೆಂಬರಿನಿಂದಾಚೆಗೆ ಪೇಟೆಗೆ ಬರುವುದು; ಬ್ಯಾಡಗಿಯ ಮೆಣಸಿನಕಾಯಿಯ ಸುಗ್ಗಿಯೂ ಅದರ ಹಿಂದೆಯೇ ಬರುವುದು; ಮಾಘ ಫಾಲ್ಗುಣಗಳಲ್ಲಿ ಹೊಸ ಹುಣಸೆಹಣ್ಣು ಸಂತೆಗೆ ಇಳಿಯುವುದು. ಸುಗ್ಗಿಯಲ್ಲಿ ಇಳಿದ ಬೆಲೆ ಮಳೆಗಾಲದ ಹೊತ್ತಿಗೆ ಏರುವುದು ಸಾಮಾನ್ಯವಾದ್ದರಿಂದ, ಕೊಳ್ಳತಕ್ಕ ಕಾಲದಲ್ಲಿ ಕೊಂಡು ಕೆಡದಂತೆ ಕಾಪಾಡುವುದೇ ಗೃಹಕೃತ್ಯದ ಮುಖ್ಯ ಸೂತ್ರವಾಗಿದ್ದಿತು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹರವಿ ಡಬ್ಬಿಗೆ ತುಂಬಿದರೆ ಹುಳು ಸುಳಿಯದು. ಹುಣಸೆಹಣ್ಣಿನ ಬೀಜ ನಾರುಗಳನ್ನು ಬಿಡಿಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಜಾಡಿಯಲ್ಲಿ ಒತ್ತಿ ಇಟ್ಟರೆ ಮರುವರ್ಷದವರೆಗೆ ಚಿಂತೆಯಿಲ್ಲ. ರಾಗಿಯಂತೂ, ಹುಳುವಿನ ಬಾಧೆ ಕಡಿಮೆಯಾದ ಧಾನ್ಯವಾದುದರಿಂದ, ನೆಲದೊಳಗಿನ ಹಗೇವಿನಲ್ಲಿ ವರ್ಷಾನುಗಟ್ಟಲೆ ಉಳಿದು ಬರಗಾಲದಲ್ಲಿ ಊರನ್ನೇ ಕಾಪಾಡುತ್ತಿದ್ದಿತು. ಆ ಹಗೇವು ಕಣಜಗಳು ಎಲ್ಲರ ಮನೆಯಲ್ಲಿಯೂ ಇದ್ದವೆಂದು ಭಾವಿಸಿ ಗತಕಾಲವನ್ನು ಹೊಗಳುವುದು ಸತ್ಯಕ್ಕೆ ದೂರ. ಭೂಮಿಯಿದ್ದವರ ಮನೆಯಲ್ಲಿ ಕಣಜವಿದ್ದಿತು. ಕೂಲಿಯವರು ಅಂದೂ ಆಯಾ ದಿನದ ಕಾಳಿನಲ್ಲಿಯೇ ಜೀವ ಹಿಡಿದಿದ್ದರು.

ಇಂದಿನ ಕೂಲಿಯವರ ಅವಸ್ಥೆಯೂ ಈ ವಿಷಯದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಸುತ್ತಿನಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬಾಡಿಗೆಗೆ ಹಿಡಿದಿರುವ ಒಂದೇ ಕೋಣೆಯ ಮನೆಗಳಲ್ಲಿ, ಮಂಚದ ಕೆಳಗಿನ ಸ್ಥಳವೇ ಉಗ್ರಾಣ. ಬೇಳೆ ಒಣಗಿಸುವುದಕ್ಕೆ ಮಾಳಿಗೆಯಿದ್ದರೂ ಅದು ಮನೆಯ ಮಾಲೀಕರದು. ಸಂಜೆ ಪಾಳಿ ಮುಗಿಸಿ ಬರುವಾಗ ಅವರು ಬೀದಿಯ ಕೊನೆಯ ಅಂಗಡಿಯಲ್ಲಿ ನಿಂತು ಕೊಳ್ಳುವುದನ್ನು ನೋಡಿರಿ: ಕಾಲು ಕೆ.ಜಿ. ಬೇಳೆ, ಐವತ್ತು ಗ್ರಾಂ ಹುಣಸೆಹಣ್ಣು, ಎಣ್ಣೆಯ ಚಿಕ್ಕ ಪ್ಯಾಕೆಟ್, ಸಾರಿನ ಪುಡಿಯ ಹತ್ತು ರೂಪಾಯಿಯ ಪೊಟ್ಟಣ. ಗ್ರಾಂ ಲೆಕ್ಕ ಹಾಕಿದರೆ ಚಿಕ್ಕ ಪೊಟ್ಟಣವು ದೊಡ್ಡದಕ್ಕಿಂತ ತುಟ್ಟಿ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಕೈಯಲ್ಲಿರುವುದು ಆ ದಿನದ ನೂರು ರೂಪಾಯಿ. ತಿಂಗಳ ಕೊನೆಯ ವಾರದಲ್ಲಿ ಅದೂ ಇರದೆ, ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಯಿಸಬೇಕಾಗುವುದು. ಉದ್ರಿ ಬರೆಯಿಸಿದವರಿಗೆ ಬೆಲೆ ಕೇಳುವ ಹಕ್ಕೂ, ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ. ಅಡುಗೆ ಅನಿಲದಲ್ಲಿಯೂ ಇದೇ ಕಥೆ. 14.2 ಕೆ.ಜಿ.ಯ ಸಿಲಿಂಡರಿಗೆ ಒಮ್ಮೆಗೇ ಹಣ ತೆರಲಾರದವರು ಕೆ.ಜಿ. ಲೆಕ್ಕದಲ್ಲಿ ಸಣ್ಣ ಸಿಲಿಂಡರಿಗೆ ತುಂಬಿಸಿಕೊಂಡು ಹೆಚ್ಚು ತೆರುವರು. ಒಂದೇ ಪದಾರ್ಥಕ್ಕೆ ಉಳ್ಳವನು ಕಡಿಮೆ ಕೊಟ್ಟು ಇಲ್ಲದವನು ಹೆಚ್ಚು ಕೊಡುವ ಈ ವ್ಯವಸ್ಥೆಯನ್ನು ಕಾಣದೆ, ಇಲ್ಲದವನಿಗೆ ಮಿತವ್ಯಯವನ್ನು ಬೋಧಿಸುವುದು ನ್ಯಾಯವಲ್ಲ.

ಪಡಿತರದ ಅಕ್ಕಿಯಿಂದ ನಮ್ಮ ರಾಜ್ಯದ ಬಡ ಸಂಸಾರಗಳಿಗೆ ಆಗಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. 2013ರಲ್ಲಿ ಅನ್ನಭಾಗ್ಯ ಬಂದಂದಿನಿಂದ ಅನ್ನದ ಭಯ ಬಹುಮಟ್ಟಿಗೆ ನೀಗಿತು. ಆದುದರಿಂದಲೇ ಇಕ್ಕಟ್ಟು ಬೇರೆಡೆಗೆ ಸರಿದಿದೆ. ಕೇಂದ್ರ ಸರಕಾರದ 2022-23ರ ಗೃಹಬಳಕೆ ವೆಚ್ಚದ ಸಮೀಕ್ಷೆಯಂತೆ ಭಾರತದ ಗ್ರಾಮಗಳಲ್ಲಿ ಒಬ್ಬರ ತಿಂಗಳ ಸರಾಸರಿ ವೆಚ್ಚ 3,773 ರೂಪಾಯಿ, ಪಟ್ಟಣಗಳಲ್ಲಿ 6,459 ರೂಪಾಯಿ. ಗ್ರಾಮಗಳಲ್ಲಿ ವೆಚ್ಚವಾಗುವ ನೂರು ರೂಪಾಯಿಗಳಲ್ಲಿ ಸುಮಾರು 46 ರೂಪಾಯಿ ಆಹಾರಕ್ಕೆ ಹೋಗುವುದಾದರೂ, ಧಾನ್ಯಕ್ಕೆ ಹೋಗುವುದು ಐದು ರೂಪಾಯಿಗಿಂತ ಕಡಿಮೆ. ಪಾನೀಯಗಳು ಮತ್ತು ಸಿದ್ಧ ತಿನಿಸುಗಳಿಗೆ ಹೋಗುವುದು ಒಂಬತ್ತು ರೂಪಾಯಿಗೆ ಮಿಗಿಲು. ಈ ಕೊನೆಯ ಅಂಕಿಯನ್ನು ಕಂಡೊಡನೆ ಬಿಸ್ಕತ್ತು ಕುರುಕಲುಗಳಿಗೆ ಹಣ ಸುರಿಯುವ ತಾಯಂದಿರನ್ನು ಆಕ್ಷೇಪಿಸಬೇಕೆಂದು ಹಲವರಿಗೆ ತೋರಬಹುದು. ಬೆಳಗ್ಗೆ ಐದಕ್ಕೆದ್ದು ನೀರು ಹಿಡಿದು, ಅಡುಗೆ ಮಾಡಿ, ಎಂಟಕ್ಕೆ ಕಾರ್ಖಾನೆಯ ಬಸ್ಸು ಹತ್ತುವ ತಾಯಿಗೆ ಮಗುವಿನ ಕೈಗೆ ಐದು ರೂಪಾಯಿಯ ಪ್ಯಾಕೆಟ್ ಕೊಡದೆ ಉಪಾಯವೇನಿದೆ? ಕಾಳು ನೆನೆಹಾಕಿ, ಮೊಳಕೆ ಕಟ್ಟಿ, ಸೊಪ್ಪು ಬಿಡಿಸಿ, ಬಸಿದು, ರುಬ್ಬುವ ಅಡುಗೆಗೆ ಹಣ ಕಡಿಮೆ ಸಾಕು, ಹೊತ್ತು ಬಹಳ ಬೇಕು. ಹೊತ್ತನ್ನೆಲ್ಲ ಮಾರಿ ಕೂಲಿ ತರುವವಳಿಗೆ ಆ ಅಡುಗೆ ದುಬಾರಿ. ಮನೆಯ ಗಂಡಸರು ಸೊಪ್ಪು ಬಿಡಿಸುವುದಕ್ಕೆ ಕುಳಿತರೆ, ಯಾವ ಯೋಜನೆಯ ನೆರವೂ ಇಲ್ಲದೆ, ಈ ಬಾಬಿನಲ್ಲಿ ಉಳಿತಾಯ ಸಾಧ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಮದ್ಯದಂಗಡಿಗೆ ಸಂದಾಯವಾಗುವ ಹಣದ ವಿಷಯವನ್ನು ಬೇರೆ ಹೇಳಬೇಕಾದುದಿಲ್ಲ. ಆ ಒಂದು ವೆಚ್ಚದ ಮುಂದೆ ಗೃಹಿಣಿಯ ಎಲ್ಲ ಉಳಿತಾಯವೂ ಸೋಲುವುದನ್ನು ನಮ್ಮ ಪ್ರತಿಯೊಂದು ಕೇರಿಯೂ ಬಲ್ಲುದು.

ಇಷ್ಟಾದರೂ ನಿತ್ಯದ ವೆಚ್ಚದಿಂದ ಕುಸಿದ ಸಂಸಾರಗಳು ವಿರಳ. ಕುಸಿತವು ಬರುವುದು ಒಮ್ಮೆಗೇ ಎರಗುವ ವೆಚ್ಚಗಳಿಂದ: ಜೂನ್ ತಿಂಗಳ ಶಾಲೆಯ ಶುಲ್ಕ ಪುಸ್ತಕಗಳು, ಮಗಳ ಬಾಣಂತನ, ಒಂದು ಶಸ್ತ್ರಚಿಕಿತ್ಸೆ, ತಂದೆಯ ಉತ್ತರಕ್ರಿಯೆ. ಹಿಡಿ ಹಿಡಿಯಾಗಿ ಉಳಿಸಿದ್ದು ಅಂದು ಸಾಲದೆ ಕೈಸಾಲಕ್ಕೆ ಹೋಗಬೇಕಾಗುವುದು. ನೂರಕ್ಕೆ ತಿಂಗಳಿಗೆ ಐದು ರೂಪಾಯಿಯ ಬಡ್ಡಿಯೆಂದರೆ ಕೇಳುವುದಕ್ಕೆ ಸೌಮ್ಯವಾಗಿದೆ. ವರ್ಷಕ್ಕೆ ಅದು ಶೇಕಡ 60. ಹತ್ತು ಸಾವಿರ ತಂದವರು ತಿಂಗಳಿಗೆ 500ರಂತೆ ವರ್ಷಕ್ಕೆ 6,000 ಕಟ್ಟಿದ ಮೇಲೂ ಅಸಲು ಹತ್ತು ಸಾವಿರವಾಗಿಯೇ ನಿಂತಿರುವುದು. ಅದೇ 500 ರೂಪಾಯಿಯನ್ನು ಅಂಚೆ ಕಚೇರಿಯ ಆವರ್ತ ಠೇವಣಿಗೆ ಐದು ವರ್ಷ ಕಟ್ಟಿದರೆ ಬಡ್ಡಿಯನ್ನು ಬಿಟ್ಟೇ 30,000 ರೂಪಾಯಿಯಾಗುವುದು. ತಿಂಗಳಿಗೆ ನೂರು ರೂಪಾಯಿಯಿಂದಲೂ ಅಲ್ಲಿ ಖಾತೆ ತೆರೆಯಬಹುದು. ಬಡ್ಡಿ ತೆರುವವರಿಗೂ ಬಡ್ಡಿ ಪಡೆಯುವವರಿಗೂ ಇರುವ ಅಂತರ ಎಷ್ಟೋ ವೇಳೆ ಆ ಮೊದಲ ಹತ್ತು ಸಾವಿರ ಮಾತ್ರ. ಅದು ಕೈಯಲ್ಲಿದ್ದವನು ಮಿತವ್ಯಯಿಯೆಂದು ಹೊಗಳಿಸಿಕೊಳ್ಳುವನು. ಇಲ್ಲದವನು ದುಂದುಗಾರನೆಂದು ಬಯ್ಸಿಕೊಳ್ಳುವನು.

ವಾರದ ಕಂತಿನ ಕಿರುಸಾಲದ ಸಂಸ್ಥೆಗಳು ಈ ಕಷ್ಟವನ್ನು ಪರಿಹರಿಸುವೆವೆಂದು ಬಂದವು. ಒಂದು ಸಂಸ್ಥೆಯ ಕಂತು ಕಟ್ಟುವುದಕ್ಕೆ ಇನ್ನೊಂದರಲ್ಲಿ ಸಾಲ, ಅದಕ್ಕೆ ಮತ್ತೊಂದು, ಹೀಗೆ ಹೆಣೆದುಕೊಂಡು, ವಸೂಲಿಗೆ ಬಂದವರು ಮನೆಯ ಮುಂದೆ ಕೂಗಾಡುವ ಅವಮಾನವನ್ನು ತಾಳಲಾರದೆ ಊರು ಬಿಟ್ಟವರೂ ಪ್ರಾಣ ಬಿಟ್ಟವರೂ ಆದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಆ ರಕ್ಷಣೆ ಅವಶ್ಯವಾಗಿದ್ದಿತು. ಆದರೆ ವಸೂಲಿಯ ಕ್ರೌರ್ಯವನ್ನು ತಡೆದ ಮಾತ್ರಕ್ಕೆ ಸಾಲದ ಅಗತ್ಯ ಅಳಿಯುವುದಿಲ್ಲ.

ಆದಾಯ ಬರುವ ದಿನ ನಿಶ್ಚಿತವಾಗಿರುವುದೂ ಆದಾಯದಷ್ಟೇ ಮುಖ್ಯವಾದುದು. 1936ರ ವೇತನ ಪಾವತಿ ಕಾಯಿದೆಯು ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಸ್ಥಳಗಳಲ್ಲಿ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಂಬಳ ಕೊಡತಕ್ಕದ್ದೆಂದು ವಿಧಿಸಿತು. ಅಷ್ಟು ಹಿಂದೆಯೇ ಶಾಸನಕರ್ತರಿಗೆ ತಡವಾದ ಕೂಲಿಯ ಹಾನಿ ತಿಳಿದಿದ್ದಿತು. ಮನೆಗೆಲಸದವರಿಗೂ ಕಟ್ಟಡದ ಕೂಲಿಗಳಿಗೂ ಇಂದು ಆ ನಿಯಮ ಮಾತಿಗೂ ಸಿಕ್ಕುವುದಿಲ್ಲ. ಮನೆಗೆಲಸದವಳ ಸಂಬಳವನ್ನು ಹತ್ತು ದಿನ ಮುಂದೂಡುವ ಸುಶಿಕ್ಷಿತ ಗೃಹಸ್ಥರು, ಆ ಹತ್ತು ದಿನಗಳಲ್ಲಿ ಅವಳು ಉದ್ರಿಯ ಬೆಲೆಗೆ ಅಕ್ಕಿಬೇಳೆ ಕೊಳ್ಳುವಳೆಂಬುದನ್ನು ಯೋಚಿಸಬೇಕು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ನಮ್ಮ ರಾಜ್ಯದ ಹೆಂಗಸರ ಕೈಗೆ ನೇರವಾಗಿ ಬಂದಿರುವುದನ್ನು ನಾನು ಮನಃಪೂರ್ವಕವಾಗಿ ಮೆಚ್ಚುವೆನು. ಆದರೆ ಅದು ಕೆಲವು ವೇಳೆ ತಿಂಗಳುಗಳ ಕಾಲ ನಿಂತು ಆಮೇಲೆ ಬರುವುದರಿಂದ, ಗೊತ್ತಾದ ತಾರೀಖಿಗೆ ಬಂದಿದ್ದರೆ ಮಾಡುತ್ತಿದ್ದ ಉಪಕಾರದಲ್ಲಿ ಬಹುಭಾಗ ನಷ್ಟವಾಗುತ್ತಿದೆ.

ಕೈಗಂಟಿಲ್ಲದವರು ಒಟ್ಟುಗೂಡಿ ಕೈಗಂಟು ಮಾಡಿಕೊಳ್ಳಬಹುದೆಂಬುದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. 1904ರಲ್ಲಿ ಸಹಕಾರ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ, ಬಡ್ಡಿಯ ಸಾಹುಕಾರನ ಬಾಗಿಲಿಗೆ ಹೋಗದೆ ರೈತನು ಬದುಕಬಹುದೆಂದು ತೋರಿಸಿದರು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಿಂದಾಗಿ ಇಂದು ಹಳ್ಳಿ ಹಳ್ಳಿಗಳಲ್ಲಿ ವಾರದ ಉಳಿತಾಯದ ಗುಂಪುಗಳಿವೆ. ಈ ಗುಂಪುಗಳು ಆಡು, ಹಸು, ಹೊಲಿಗೆ ಯಂತ್ರಗಳಿಗೆ ಸಾಲ ಕೊಡುವುದು ಸರಿಯೆ. ಆದರೆ ಸುಗ್ಗಿಯ ಕಾಲದಲ್ಲಿ ವರ್ಷದ ದಿನಸಿಗೆಂದು ಸಾಲ ಕೊಡುವ ಪದ್ಧತಿ ಇನ್ನೂ ರೂಢಿಗೆ ಬಂದಿಲ್ಲ. ಅದು ಅನುತ್ಪಾದಕ ವೆಚ್ಚವೆಂದು ತಿಳಿಯುವುದೇ ಇದಕ್ಕೆ ಕಾರಣ. ಮಾಘದಲ್ಲಿ ಮೂಟೆಯ ದರಕ್ಕೆ ಕೊಂಡ ಬೇಳೆಯಿಂದ ಶ್ರಾವಣದಲ್ಲಿ ಒಂದು ಸಂಸಾರ ಸಾಲ ಮಾಡದೆ ಉಳಿದರೆ ಅದು ಹಸುವಿನ ಹಾಲಿನಷ್ಟೇ ನಿಜವಾದ ಆದಾಯ. ಹತ್ತು ಮನೆಗಳು ಸೇರಿ ಎರಡು ಮೂಟೆ ತೊಗರಿಬೇಳೆ, ಒಂದು ಮೂಟೆ ಮೆಣಸಿನಕಾಯಿ, ಅರ್ಧ ಮೂಟೆ ಹುಣಸೆಹಣ್ಣು ತರಿಸಿ, ಜಾಗವಿಲ್ಲದವರ ಪಾಲನ್ನು ಗ್ರಾಮದ ಸಹಕಾರ ಸಂಘದ ಗೋದಾಮಿನಲ್ಲಿಯೋ ಸಮುದಾಯ ಭವನದ ಒಂದು ಕೋಣೆಯಲ್ಲಿಯೋ ಇರಿಸಿ, ತಿಂಗಳು ತಿಂಗಳು ಹಂಚಿಕೊಂಡು, ಹಣವನ್ನು ಕಂತಿನಲ್ಲಿ ತೀರಿಸುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಲೆಕ್ಕ ಬರೆಯಬಲ್ಲ ಒಬ್ಬ ಹುಡುಗಿ, ಒಂದು ತಕ್ಕಡಿ, ಪರಸ್ಪರ ನಂಬಿಕೆ ಇಷ್ಟಿದ್ದರೆ ಸಾಕು.

ನಗರದ ಬಾಡಿಗೆ ಮನೆಗಳ ಬೀದಿಗಳಲ್ಲಿಯೂ ಇದನ್ನು ಮಾಡಬಹುದು; ಅಲ್ಲಿ ಕಾರ್ಖಾನೆಗಳ ಕಾರ್ಮಿಕ ಸಂಘಗಳು ಮುಂದಾಗಬೇಕು, ಮಾಲೀಕರು ಒಂದು ಕೋಣೆಯನ್ನೂ ಮುಂಗಡದ ಹಣವನ್ನೂ ಒದಗಿಸಬೇಕು. ಹೊಸ ತೊಗರಿ ಡಿಸೆಂಬರಿನ ಹೊತ್ತಿಗೆ ಕಲಬುರಗಿಯ ಮಾರುಕಟ್ಟೆಗೆ ಬರುವುದು. ಸ್ತ್ರೀಶಕ್ತಿ ಗುಂಪುಗಳ ಸೋದರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ದಿನಸಿಯ ಸಾಲವನ್ನು ನಿಮ್ಮ ಮುಂದಿನ ಸಭೆಯ ನಡವಳಿಯಲ್ಲಿ ಬರೆಯಿಸಿರಿ, ಯಾರ ಮನೆಗೆ ಎಷ್ಟು ಬೇಳೆ ಬೇಕೆಂಬುದರ ಪಟ್ಟಿಯನ್ನು ನವೆಂಬರಿನೊಳಗೆ ಸಿದ್ಧಪಡಿಸಿಕೊಳ್ಳಿರಿ.