ರೈಲಿನ ಉಪಮೆ

ವಿಜ್ಞಾನವನ್ನು ಕನ್ನಡದಲ್ಲಿ ಹೇಳಹೊರಟ ನಮ್ಮ ಲೇಖಕರಿಗೆ ರೈಲಿನ ಮೇಲೆ ಇಷ್ಟು ಮೋಹವೇಕೋ ನಾನರಿಯೆ. ಜೀವಕೋಶದೊಳಗೆ ಡಿಎನ್‌ಎ ಎಳೆಯ ಮೇಲೆ ಸರಿಯುತ್ತ, ಅದರ ಬರಹವನ್ನು ಆರ್‌ಎನ್‌ಎಯಾಗಿ ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವದ ಮಾತು ಬಂತೋ, "ಹಳಿಯ ಮೇಲೆ ಓಡುವ ರೈಲಿನಂತೆ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಲಂಕಾರಶಾಸ್ತ್ರ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು, ಭೌತಶಾಸ್ತ್ರ ನನ್ನದಲ್ಲ. ಆದರೆ ಉಪಮಾನ ಉಪಮೇಯಗಳಿಗೆ ಸಮಾನಧರ್ಮವೇ ಇಲ್ಲದಿದ್ದರೆ ಅದು ಉಪಮೆಯಲ್ಲ, ಸುಳ್ಳು, ಎನ್ನಲು ನನಗೂ ಅಧಿಕಾರವುಂಟು.

ರೈಲಿಗೆ ಭಾರವುಂಟು, ಎಂಜಿನ್ ನಿಲ್ಲಿಸಿದರೂ ರಭಸದಿಂದ ಕೊಂಚ ದೂರ ಓಡೀತು. ಈ ಕಿಣ್ವಕ್ಕೆ ಅಂಥ ರಭಸವೇ ಇಲ್ಲ. ಸುತ್ತಲ ನೀರಿನ ಅಣುಗಳ ಹೊಡೆತಕ್ಕೆ ಸಿಕ್ಕಿ ಕ್ಷಣಕ್ಷಣವೂ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುತ್ತದೆ. 2005ರಲ್ಲಿ ಸ್ಟ್ಯಾನ್‌ಫರ್ಡಿನ ಸ್ಟೀವನ್ ಬ್ಲಾಕ್ ಮತ್ತು ಸಂಗಡಿಗರು ಕಿಣ್ವವನ್ನೂ ಡಿಎನ್‌ಎಯನ್ನೂ ಪುಟ್ಟ ಮಣಿಗಳಿಗೆ ಅಂಟಿಸಿ, ಮಣಿಗಳನ್ನು ಬೆಳಕಿನ ಕಿರಣಗಳಲ್ಲಿ ಹಿಡಿದು, ಅದರ ಹೆಜ್ಜೆಯನ್ನು ಅಳೆದರು: ಸುಮಾರು 0.37 ನ್ಯಾನೊಮೀಟರ್, ಎಂದರೆ ಡಿಎನ್‌ಎಯ ಒಂದಕ್ಷರದಷ್ಟು. ಎಳೆತದ ಬಲವನ್ನು ಬದಲಿಸಿ ನೋಡಿದಾಗ ಎಂಜಿನಿನ ತಳ್ಳಾಟಕ್ಕೆ ಲೆಕ್ಕ ಒಗ್ಗಲಿಲ್ಲ. ತೂಗಾಟದಲ್ಲಿ ಕಿಣ್ವ ಒಂದಕ್ಷರ ಮುಂದೆ ಬಂದಾಗ ಹೊಸ ನ್ಯೂಕ್ಲಿಯೊಟೈಡ್ ಬಂದು ಕುಳಿತು ಹಿಂಜಾರದಂತೆ ತಡೆಯುತ್ತದೆ ಎಂಬ ವಿವರಣೆಗೇ ಅದು ಹೊಂದಿತು.

ಹೋಲಿಕೆ ಬೇಕೇಬೇಕೆಂದರೆ ಊರ ತೇರು ಇದೆಯಲ್ಲ! ಹೂತುಹೋದ ತೇರು ಅಲುಗಾಡಿ ಗೇಣು ಮುಂದೆ ಬಂದೊಡನೆ ಗಾಲಿಯ ಹಿಂದೆ ಮರದ ತುಂಡು ಕೊಡುತ್ತಾನಲ್ಲ ಒಬ್ಬ, ಅವನ ಕೈಯ ತುಂಡೇ ಈ ನ್ಯೂಕ್ಲಿಯೊಟೈಡ್. ಇದೂ ಪೂರ್ತಿ ಒಪ್ಪದು: ತೇರೆಳೆಯುವ ಜನಕ್ಕೆ ದಿಕ್ಕುಂಟು, ನೀರಿನ ಅಣುಗಳಿಗಿಲ್ಲ. ತುಂಡೇನೂ ಪುಕ್ಕಟೆಯಲ್ಲ, ಪ್ರತಿಯೊಂದು ನ್ಯೂಕ್ಲಿಯೊಟೈಡೂ ಎರಡು ಫಾಸ್ಫೇಟುಗಳನ್ನು ಕಳಚಿಕೊಟ್ಟು ಶಕ್ತಿಯ ಬೆಲೆ ತೆರುತ್ತದೆ. ಬೆಲೆ ತೆರದೆ ಬರಿಯ ಕುಲುಕಾಟದಿಂದ ಕೆಲಸ ತೆಗೆಯಲಾಗದೆಂದು ಫೈನ್‌ಮನ್ 1960ರ ದಶಕದ ಮೊದಲಲ್ಲೇ ತಮ್ಮ ಉಪನ್ಯಾಸದಲ್ಲಿ ತೋರಿಸಿದ್ದರು.

"ಸಾಮಾನ್ಯ ಓದುಗರಿಗೆ ಇಷ್ಟೆಲ್ಲ ಏಕೆ, ಸ್ವಾಮಿ?" ಎಂದರು ಮಿತ್ರರೊಬ್ಬರು. ಏಕೆಂದರೆ, ರೈಲಿನ ಲೇಖನ ಓದಿದ ನನ್ನ ವಿದ್ಯಾರ್ಥಿಯೊಬ್ಬ "ಡ್ರೈವರ್ ಯಾರು ಸಾರ್?" ಎಂದು ಕೇಳಿದ. ತಪ್ಪು ಅವನದಲ್ಲ, ಉಪಮೆಯೇ ಆ ಪ್ರಶ್ನೆಯನ್ನು ಅವನ ಬಾಯಲ್ಲಿಟ್ಟಿತ್ತು. ಇನ್ನೂ ಒಂದು ಮಾತು. ತಪ್ಪಕ್ಷರ ಸೇರಿದಾಗ ಈ ಕಿಣ್ವ ಹಿಂದಕ್ಕೆ ಜಾರುತ್ತದೆ. ಹಾಗೆ ಜಾರಿದ್ದರಿಂದಲೇ ಆ ತುದಿಯನ್ನು ಕತ್ತರಿಸಿ ಮತ್ತೆ ಬರೆಯಲು ಅನುವಾಗುತ್ತದೆ. ತಾನಾಗಿ ಹಿಂದಕ್ಕೆ ಜಾರಿದ ರೈಲನ್ನು ಕಂಡು ಯಾರಾದರೂ "ಕಾಗುಣಿತ ತಿದ್ದುತ್ತಿದೆ" ಎಂದಾರೆಯೆ?