‘ತಲೆ ಕೆಟ್ಟಿದೆ’ ಅನ್ನೋ ಮಾತು ಸಾಕು ಗುರೂ!



ಯಾವ ಹೀರೋಗೆ ಯಾರು ಜೋಡಿ, ಯಾವ ಚಿತ್ರ ಎಷ್ಟು ವಾರ ಓಡಿತು... ಆ ಲೆಕ್ಕವೆಲ್ಲ ಈ ವಾರ ಬದಿಗಿರಲಿ. ನಮ್ಮ ಸಿನಿಮಾದವರು ಬಹಳ ಕಾಲದಿಂದ ಮಾಡುತ್ತ ಬಂದ ಒಂದು ತಮಾಷೆಯ ಬಗ್ಗೆ ಮಾತಾಡೋಣ. ತಲೆ ಕೆದರಿಕೊಂಡು, ಹರಿದ ಅಂಗಿ ತೊಟ್ಟು ಒಬ್ಬ ತೆರೆಯ ಮೇಲೆ ಬರುತ್ತಾನೆ, ‘ಹಿಹಿಹಿ’ ಅಂತ ಕುಣಿಯುತ್ತಾನೆ. ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! ಮನಸ್ಸಿನ ಕಾಯಿಲೆ ಅಂದರೆ ಇಷ್ಟೇ ಎಂದು ಸಿನಿಮಾ ನಮಗೆ ಕಲಿಸಿಬಿಟ್ಟಿದೆ.

ಆದರೆ ಅದೇ ಸಿನಿಮಾ ಬೇರೆ ಪಾಠವನ್ನೂ ಹೇಳಿದೆ ಸ್ವಾಮೀ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ‘ಶರಪಂಜರ’ ನೆನಪಿಸಿಕೊಳ್ಳಿ. ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿಯೇ ಮನೆಗೆ ಬರುತ್ತಾಳೆ. ಡಾಕ್ಟರು ಗೆದ್ದರು, ಔಷಧಿ ಗೆದ್ದಿತು. ಸೋತದ್ದು ಮನೆ! ಗಂಡ, ನೆರೆಹೊರೆ ಎಲ್ಲರೂ ಅವಳನ್ನು ಅನುಮಾನದ ಕಣ್ಣಿನಿಂದಲೇ ನೋಡುತ್ತಾರೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆ ಸೇರುತ್ತಾಳೆ. ಕಾಯಿಲೆಗಿಂತ ಕಳಂಕ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗಂತೂ ಬೇಡ.

ಈಗ ಇನ್ನೊಬ್ಬ ತಾರೆಯ ಕಥೆ. ಇದು ಸಿನಿಮಾ ಅಲ್ಲ, ನಿಜ. 2006ರಲ್ಲಿ ಇಂದ್ರಜಿತ್ ಲಂಕೇಶರ ‘ಐಶ್ವರ್ಯ’ದಲ್ಲಿ ಉಪೇಂದ್ರನ ಜೊತೆ ಕಾಣಿಸಿಕೊಂಡ ಬೆಂಗಳೂರಿನ ಹುಡುಗಿ ದೀಪಿಕಾ ಪಡುಕೋಣೆ ಆಮೇಲೆ ಮುಂಬಯಿಗೆ ಹೋಗಿ ಎಲ್ಲಿಗೆ ಏರಿದಳು ಎಂಬುದು ನಿಮಗೇ ಗೊತ್ತು. ಹಣ, ಹೆಸರು, ಅಭಿಮಾನಿಗಳು, ಯಾವುದಕ್ಕೂ ಕೊರತೆಯಿಲ್ಲ. ಆದರೂ 2014ರಲ್ಲಿ ಕಾರಣವೇ ತಿಳಿಯದೆ ಅಳು, ಹಾಸಿಗೆ ಬಿಟ್ಟು ಏಳಲಾರದ ಸ್ಥಿತಿ. ಅದನ್ನು ಗುರುತಿಸಿದವರು ತಾಯಿ. ‘ಏನಾಗಿದೆ ಮಗಳೇ?’ ಎಂದು ಕೇಳಿದರು. ಇದು ಬರೀ ಬೇಸರವಲ್ಲ, ಡಾಕ್ಟರು ನೋಡಬೇಕಾದ್ದು ಎಂದು ಅರಿತರು. ಮರುವರ್ಷ ದೀಪಿಕಾ ‘ನನಗೆ ಖಿನ್ನತೆ ಇತ್ತು, ಚಿಕಿತ್ಸೆ ಪಡೆದೆ’ ಎಂದು ಲೋಕದ ಮುಂದೆ ಹೇಳಿಯೇಬಿಟ್ಟಳು. ‘ಲಿವ್ ಲವ್ ಲಾಫ್’ ಎಂಬ ಸಂಸ್ಥೆಯನ್ನೂ ಕಟ್ಟಿದಳು.

ಆ ಸಂಸ್ಥೆ ಹಳ್ಳಿಗಳ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ಎಲ್ಲಿ ಗೊತ್ತೇ? ನಮ್ಮ ದಾವಣಗೆರೆ ಜಿಲ್ಲೆಯನ್ನು! 2016ರಲ್ಲಿ, ಬೆಂಗಳೂರಿನ ಎಪಿಡಿ ಸಂಸ್ಥೆಯ ಜೊತೆಗೂಡಿ. ಮುಂದೆ ಆ ಕೆಲಸ ಮಳೆಗೆ ಕಾಯುವ ಜಗಳೂರು, ಅಡಿಕೆಯ ಚನ್ನಗಿರಿ, ತುಂಗಭದ್ರೆಯ ಹೊನ್ನಾಳಿ, ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಗೂ ಹರಡಿತು. ಆಶಾ ಕಾರ್ಯಕರ್ತೆಯರಿಗೆ ತರಬೇತಿ, ಮನೆಯಲ್ಲೇ ಬಚ್ಚಿಟ್ಟ ರೋಗಿಗಳ ಪತ್ತೆ, ಬಿಟ್ಟಿ ಔಷಧಿ, ರೋಗಿಯನ್ನು ನೋಡಿಕೊಳ್ಳುವವರ ಗುಂಪು... ಇದೇ ಅವರ ಕೆಲಸ. ದೂರದ ಊರಿನ ದೊಡ್ಡಾಸ್ಪತ್ರೆಗಿಂತ ಹತ್ತಿರದ ಆರೋಗ್ಯ ಕೇಂದ್ರ ದೊಡ್ಡದು ಎಂಬ ಲೆಕ್ಕ!

ಇದು ಹೆಂಗಸರ ವಿಷಯ, ಶ್ರೀಮಂತರ ವಿಷಯ ಅಂತ ಪುಟ ತಿರುವಬೇಡ ತಮ್ಮಾ. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ತಾವಾಗಿ ಜೀವ ಕಳಕೊಂಡವರು 1,70,924 ಮಂದಿ. ಹತ್ತರಲ್ಲಿ ಏಳು ಮಂದಿ ಗಂಡಸರು! ನಮಗೆ ಅಳು ಬಂದರೆ ‘ಹೆಂಗಸರ ಹಂಗೆ ಅಳ್ತಾನೆ’ ಅಂತಾರೆ. ಸಾಲ, ಫೇಲು, ಮುರಿದ ಪ್ರೀತಿ, ಕುಡಿತ, ಎಲ್ಲವನ್ನೂ ಮೀಸೆಯ ಹಿಂದೆ ಮುಚ್ಚಿಡುತ್ತೇವೆ. 2015-16ರ ನಿಮ್ಹಾನ್ಸ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ನನಗೆ ತಿಳಿದದ್ದು ಹೇಳುತ್ತೇನೆ, ಕೇಳಿ.

ಕಟೌಟ್ ಕಟ್ಟುವಾಗ ಮುಂದೆ ನಿಲ್ಲುತ್ತಿದ್ದ ಗೆಳೆಯ ಈಗ ಸಪ್ಪಗಾಗಿದ್ದಾನಾ? ನಿದ್ದೆ ಇಲ್ಲ, ಊಟ ಇಲ್ಲ, ‘ನಾನಿದ್ದು ಏನು ಪ್ರಯೋಜನ’ ಅಂತಾನಾ? ನಗಬೇಡಿ, ಬುದ್ಧಿ ಹೇಳಬೇಡಿ. ‘ಯಾಕೋ ಹಿಂಗಿದೀಯ? ಸಾಯೋ ಯೋಚನೆ ಏನಾದ್ರೂ ಬರ್ತಿದೆಯೇನೋ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನೋದು ಸುಳ್ಳು. ಕೇಳಿದರೆ ಎದೆಯ ಭಾರ ಇಳಿಯುತ್ತದೆ. ‘ಹೌದು’ ಅಂದರೆ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ಹೊಲದ ಔಷಧಿಗೆ ಬೀಗ ಹಾಕಿಸಿ, ಕೀಲಿ ಬೇರೆಯವರ ಕೈಲಿರಲಿ. ಆ ಕೆಟ್ಟ ಗಳಿಗೆ ದಾಟಿದರೆ ಮನಸ್ಸು ತಿರುಗುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಇಂಥ ಸಾವುಗಳು ಬಹಳ ಇಳಿದವು.

ಆಮೇಲೆ ಬೈಕ್ ತೆಗೆದು ತಾಲ್ಲೂಕು ಆಸ್ಪತ್ರೆಗೆ ಕರಕೊಂಡು ಹೋಗಿ. 2014ರಲ್ಲಿ ಕರ್ನಾಟಕ ಸರ್ಕಾರ ‘ಮನೋಚೈತನ್ಯ’ ಎಂಬ ಯೋಜನೆ ತಂದು, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಟು ಮಾಡಿತು. ನಿಮ್ಮೂರಿಗೆ ಡಾಕ್ಟರು ಯಾವತ್ತು ಬರುತ್ತಾರೆ ಎಂದು ವಿಚಾರಿಸಿ. ನಡುರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ‘ಟೆಲಿ ಮಾನಸ್’. ಕಾಸಿಲ್ಲ, ಹಗಲೂ ರಾತ್ರಿಯೂ ಉಂಟು, ಕನ್ನಡದಲ್ಲೇ ಮಾತಾಡಬಹುದು. ‘ಪೊಲೀಸ್ ಕೇಸಾಗುತ್ತೆ’ ಎಂಬ ಹೆದರಿಕೆಯೂ ಬೇಡ. ಪ್ರಯತ್ನಿಸಿ ಉಳಿದವನು ತೀವ್ರ ಒತ್ತಡದಲ್ಲಿದ್ದ ಎಂದೇ ತಿಳಿಯಬೇಕು, ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಕೊನೆಯ ಮಾತು. ಅವನು ವಾಸಿಯಾಗಿ ಬಂದ ದಿನ, ಕಾವೇರಿಗೆ ಮಾಡಿದ ಹಾಗೆ ಅವನಿಗೆ ಮಾಡಬೇಡಿ. ‘ಬಾರೋ, ಫಸ್ಟ್ ಶೋಗೆ ಟಿಕೆಟ್ ತೆಗೆದಿದೀನಿ’ ಅಂತ ಪಕ್ಕದ ಸೀಟು ಕೊಡಿ. ಗುಳಿಗೆ ಮುಗಿದಿದೆಯಾ ಅಂತಲೂ ಒಂದು ಮಾತು ಕೇಳಿ. ಪುಟ್ಟಣ್ಣ ತೆರೆಯ ಮೇಲೆ ತೋರಿಸಿದ ಆ ದುರಂತ ನಿಮ್ಮೂರಲ್ಲಿ ಮರುಬಿಡುಗಡೆ ಆಗದಿರಲಿ.

ಮುಂದಿನ ವಾರ ಮತ್ತೆ ಸಿಗೋಣ. ಎಲ್ಲರೂ ಇರಬೇಕು, ಒಬ್ಬರೂ ಕಮ್ಮಿಯಾಗಬಾರದು!