ಹಿತ್ತಲ ಗಿಡವೂ ಮದ್ದೇ

ಎಚ್.ಐ.ವಿ. ಸೋಂಕು ಇಂದು ಮರಣಶಾಸನವಲ್ಲ. ಭಾರತ ಸರ್ಕಾರವು 2004ರ ಏಪ್ರಿಲ್ 1ರಿಂದ ಅದರ ಔಷಧವನ್ನು ಉಚಿತವಾಗಿ ಕೊಡತೊಡಗಿತು. 2017ರಲ್ಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ನೀಡುವ ನೀತಿಯನ್ನು ಕೈಗೊಂಡಿತು. ತಪ್ಪದೆ ಗುಳಿಗೆ ಸೇವಿಸುವವರು ಎಲ್ಲರಂತೆ ದುಡಿದು ಬಾಳಬಲ್ಲರು. ಆದರೆ 'ತಪ್ಪದೆ' ಎಂಬ ಆ ಒಂದು ಮಾತಿನಲ್ಲಿಯೇ ತೊಡಕೆಲ್ಲವೂ ಅಡಗಿದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳನ್ನು ನೆನೆಯೋಣ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್ ದಾರಿ. ಕೂಲಿಯ ಹೆಣ್ಣುಮಗಳೊಬ್ಬಳು ಔಷಧಕ್ಕಾಗಿ ಅಷ್ಟು ದೂರ ಹೋಗಬೇಕಾದರೆ ಬಸ್ಸಿನ ಹಣ ಬೇಕು. ಅಂದಿನ ಕೂಲಿ ತಪ್ಪುತ್ತದೆ. ನೆರೆಯವರಿಗೆ ಒಂದು ನೆಪವನ್ನೂ ಹೇಳಬೇಕಾಗುತ್ತದೆ. ಔಷಧ ಉಚಿತವಾದರೂ ದಾರಿ ಉಚಿತವಲ್ಲ.

ಆದುದರಿಂದ ಈ ಆರೈಕೆಯ ನಿತ್ಯದ ಕೆಲಸಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಹಂಚಿಕೊಡುವುದು ಯುಕ್ತ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿಯೇ ಇಂತಹ ಹಂಚಿಕೆಗೆ ಮಾರ್ಗಸೂಚಿಯನ್ನು ನೀಡಿತು. ರಕ್ತಪರೀಕ್ಷೆ, ಸಮಾಲೋಚನೆ, ಗುಳಿಗೆಗಳ ವಿತರಣೆ, ತೂಕ ನೋಡುವುದು, ಕ್ಷಯದ ಕೆಮ್ಮನ್ನು ಗುರುತಿಸುವುದು, ಇವು ತರಬೇತಿ ಪಡೆದ ಕೈಗಳಿಗೆ ಅಸಾಧ್ಯವಲ್ಲ. ರೋಗ ಉಲ್ಬಣಿಸಿದಾಗ, ಔಷಧ ಬದಲಿಸಬೇಕಾದಾಗ ವೈದ್ಯರೇ ನಿರ್ಧರಿಸಲಿ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ದೂರದ ಪಟ್ಟಣದಲ್ಲಿ ರೋಗಿ ಅಪರಿಚಿತ. ಊರಿನ ಕೇಂದ್ರದಲ್ಲಿ ಎಲ್ಲರೂ ಪರಿಚಿತರು. ಅಲ್ಲಿ ಗುಟ್ಟು ಉಳಿದೀತೆ? ಈ ಭಯವನ್ನು ಹಗುರವಾಗಿ ಕಾಣಲಾಗದು. 2017ರ ಎಚ್.ಐ.ವಿ. ಕಾಯಿದೆಯು, ಕೆಲವು ಸಂದರ್ಭಗಳ ಹೊರತು, ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ವಿಷಯವನ್ನು ಬಯಲುಮಾಡುವುದನ್ನು ನಿಷೇಧಿಸಿದೆ. ಆದರೆ ಕಾಯಿದೆಯೊಂದೇ ನಾಲಿಗೆಗೆ ಕಡಿವಾಣವಾಗಲಾರದು. ಗುಟ್ಟನ್ನು ಕಾಯುವುದೂ ಚಿಕಿತ್ಸೆಯ ಒಂದು ಅಂಗವೆಂದು ಕಾರ್ಯಕರ್ತೆಗೆ ಕಲಿಸಬೇಕು. ಹತ್ತಿರದ ಕೇಂದ್ರವೋ ದೂರದ ಆಸ್ಪತ್ರೆಯೋ ಎಂಬ ಆಯ್ಕೆ ರೋಗಿಯದೇ ಆಗಿರಬೇಕು.

ಇನ್ನೊಂದು ಮಾತನ್ನೂ ಮರೆಯಬಾರದು. ಗರ್ಭಿಣಿಯರ ಆರೈಕೆ, ಮಕ್ಕಳ ಲಸಿಕೆ ಮುಂತಾದ ಹೊಣೆಗಳು ಈಗಾಗಲೇ ಆಶಾ ಕಾರ್ಯಕರ್ತೆಯ ಹೆಗಲ ಮೇಲಿವೆ. ಹೊಸ ಹೊರೆಯೊಡನೆ ತರಬೇತಿಯನ್ನೂ ತಕ್ಕ ಸಂಭಾವನೆಯನ್ನೂ ಕೊಡದಿದ್ದರೆ ಅದು ಹಂಚಿಕೆಯಲ್ಲ, ಹೇರಿಕೆ.

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಜನರ ಹಳೆಯ ಮಾತು. ತಿಳಿವು, ಮೌನ, ಕರುಣೆ ಈ ಮೂರನ್ನೂ ಎರೆದು ಬೆಳೆಸಿದರೆ ಆ ಗಿಡವೂ ಮದ್ದಾದೀತು.